ಮುದ್ದಕ್ಕನ ಎದೆಯ ಗಂಡಿ

"ಅಮ್ಮಾ, ಮುದ್ದಕ್ಕನ ಎದೆಯೊಳಗಿರೋದು ಸತ್ತೋದೋರ ಗುಂಡಿಗೆಯಂತೆ, ಹೌದಾ?"

ನಾನು ಒಲೆಯ ಮುಂದೆ ಕೂತು ಕೈಗೂಸಿಗೆ ರಾಗಿ ಸರಿ ತಿರುವುತ್ತಿದ್ದೆ. ಕೈ ನಿಲ್ಲಿಸಿದರೆ ಗಂಟು ಕಟ್ಟುತ್ತದೆ. ತಿರುವುತ್ತಲೇ, "ಯಾರೇ ಹೇಳಿದ್ದು?" ಅಂದೆ.

"ಟೀ ಅಂಗಡಿ ಮೂರ್ತಪ್ಪ. ಪೇಪರಲ್ಲಿ ಬಂದಿತ್ತಂತೆ. ಹೊರದೇಶದಲ್ಲಿ ಸತ್ತೋದೋರ ಗುಂಡಿಗೆ ತೆಗೆದು ಬದುಕಿರೋರಿಗೆ ಇಟ್ಟು ಹೊಲೀತಾರಂತೆ. ಬೆಂಗಳೂರಲ್ಲಿ ಮುದ್ದಕ್ಕಂಗೂ ಹಂಗೇ ಮಾಡಿದಾರಂತೆ. ಅದಕ್ಕೇ ಅವಳಿಗೆ ಈಗ ನಮ್ಮ ಗುರುತೇ ಸಿಗಲ್ವಂತೆ."

ಕೊನೆಯ ಮಾತಿಗೆ ಅವಳು ಬಂದು ನನ್ನ ಬೆನ್ನಿಗೆ ಒರಗಿದಳು. ನನ್ನ ದೊಡ್ಡವಳಿಗೆ ಆಗ ಐದು ವರ್ಷ. ಅವಳ ಚಿಂತೆ ಗುಂಡಿಗೆಯದಲ್ಲ, ಗುರುತಿನದು. ಹಸುವಿನ ಹಾಲು ಒಗ್ಗದೆ ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದ ಮಗುವನ್ನು ಮುದ್ದಕ್ಕ ತಂದುಕೊಟ್ಟ ಮೇಕೆ ಹಾಲಿನಲ್ಲಿ ಬೆಳೆಸಿದ್ದೆ. ಆಪರೇಷನ್ ಆದಮೇಲೆ ಮುದ್ದಕ್ಕ ಬರುವುದು ನಿಂತಿತ್ತು. ಹಾಲನ್ನು ಅವಳ ಓರಗಿತ್ತಿ ಕಾಟಮ್ಮ ತಂದು, ಸೊಟ್ಟ ಮುಖ ಮಾಡಿಕೊಂಡು ಸುರಿದು ಹೋಗುತ್ತಿದ್ದಳು.

"ನಡಿ, ಅವಳನ್ನೇ ಕೇಳೋಣ" ಅಂದೆ. ಎಪ್ಪತ್ತೈದನೇ ಇಸವಿ, ದೀಪಾವಳಿ ಆಗಷ್ಟೇ ಕಳೆದಿತ್ತು. ಕೂಸನ್ನು ಸೊಂಟಕ್ಕೇರಿಸಿ, ದೊಡ್ಡವಳ ಕೈ ಹಿಡಿದು ಹೊರಟೆ. ನಮ್ಮ ಮನೆಯವರು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ಟು ಕೊಡುವವರು. ರೈಲ್ವೆ ಕ್ವಾರ್ಟರ್ಸಿನ ಹಿಂದೆ ಹಳಿ ದಾಟಿದರೆ ಜೋಳದ ಹೊಲ, ಹೊಲದಾಚೆ ಗೊಲ್ಲರಹಟ್ಟಿ.

ಹಟ್ಟಿಯ ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಕುರಿ ಕೂಡುವ ರೊಪ್ಪದ ಪಕ್ಕ, ಹೊಂಗೆ ಮರದ ನೆರಳಲ್ಲಿ ಮುದ್ದಕ್ಕ ಕೂತು ಉಣ್ಣೆ ನೂಲುತ್ತಿದ್ದಳು. ಸೊರಗಿದ್ದಳು ನಿಜ, ಆದರೆ ಮುಖದಲ್ಲಿದ್ದ ಆ ಹಳೆಯ ನೀಲಿ ಛಾಯೆ ಹೋಗಿತ್ತು. ಅವಳಿಂದ ಮೊಳದಷ್ಟು ದೂರದಲ್ಲಿ ಗೂಟಕ್ಕೆ ಒಂದು ಕುರಿ ಕಟ್ಟಿತ್ತು. ಅದರ ತೊಡೆಯ ಮೇಲೆ ಉಣ್ಣೆ ಬೋಳಿಸಿ, ಹೊಲಿಗೆ ಹಾಕಿ, ಅರಿಸಿನ ಎಣ್ಣೆ ಮೆತ್ತಿದ್ದರು.

ಮಗಳು ನನ್ನ ಸೆರಗಿನ ಹಿಂದೆ ನಿಂತಳು.

"ಯಾಕವ್ವ, ಕಳ್ಳನ್ನ ನೋಡಿದಂಗೆ ನೋಡ್ತೀಯಾ?" ಅಂದಳು ಮುದ್ದಕ್ಕ.

"ನಾನು ಯಾರು ಗೊತ್ತಾ?"

"ಗೊತ್ತಿಲ್ದೇ ಏನು? ಹಾಲಿಗೆ ಬೆಲ್ಲ ಹಾಕದಿದ್ರೆ ಲೋಟ ಬೋರಲು ಹಾಕೋ ಜಗಳಗಂಟಿ."

ಅಷ್ಟೇ ಸಾಕಾಯಿತು. ಹುಡುಗಿ ಓಡಿಹೋಗಿ ಅವಳ ತೊಡೆಯೇರಿ, ಕೇಳಬೇಕಾದ್ದನ್ನು ಕೇಳಿಯೇಬಿಟ್ಟಳು. ಮುದ್ದಕ್ಕ ನಗಲು ಹೋಗಿ, ಎಡಪಕ್ಕೆಯ ಗಾಯ ಎಳೆದದ್ದಕ್ಕೆ ಅದನ್ನು ಕೈಯಲ್ಲಿ ಹಿಡಿದುಕೊಂಡು ನಕ್ಕಳು.

"ನಂದೇ ಗುಂಡಿಗೆ ಕಣವ್ವ. ಬೇರೆಯವ್ರದ್ದಾಗಿದ್ರೆ ಇಷ್ಟೊತ್ತಿಗೆ ತನ್ನ ಗಂಡನ ಮನೆ ಹುಡುಕ್ಕಂಡು ಹೋಗಿರಾದು. ಈ ಹಟ್ಟೀಲೇ ಬಿದ್ದೈತೆ ಅಂದ್ರೆ ನಂದೇ."

ಆಮೇಲೆ ಅವಳು ರೊಪ್ಪದ ಕಡೆ ಬೆರಳು ತೋರಿಸಿದಳು. ಮುಳ್ಳುಬೇಲಿಯಲ್ಲಿ ಕುರಿಗಳು ಒಳಗೆ ಹೊರಗೆ ಹೋಗಲು ಒಂದೇ ಒಂದು ಗಂಡಿ ಬಿಟ್ಟಿರುತ್ತಾರೆ. "ಅದು ನೋಡು. ಎದೆಯೊಳಗೂ ಹಂಗೇ ಒಂದು ಗಂಡಿ ಐತಂತೆ. ಮೈಯಾಗಿನ ರಕ್ತ ಎಲ್ಲ ಅದ್ರಾಗೇ ದಾಟಬೇಕು. ನಂಗೆ ಸಣ್ಣೋಳಿದ್ದಾಗ ಜ್ವರ ಬಂದು ಆ ಗಂಡಿ ಮುಚ್ಕ್ಯಂತಾ ಬಂದಿತ್ತು. ಸುಮ್ನೆ ಕುಂತಿದ್ರೆ ಒಂದೊಂದೇ ಕುರಿ ದಾಟಿದಂಗೆ ರಕ್ತ ದಾಟಾದು. ಏರು ಹತ್ತಿದ್ನೋ, ಹಿಂದಿನಿಂದ ನಾಯಿ ಅಟ್ಟಿದಂಗೆ. ಎಲ್ಲವೂ ಒಂದೇ ಸಲ ನುಗ್ಗಾವು. ಗಂಡಿ ಸಣ್ಣದು. ಅಲ್ಲೇ ಸಿಕ್ಕಿ, ಒಂದರ ಮೇಲೊಂದು ಬಿದ್ದು, ಉಸಿರು ಕಟ್ಟಾದು. ಡಾಕ್ಟ್ರು ಬೆರಳು ಹಾಕಿ ಗಂಡಿ ಅಗಲ ಮಾಡವ್ರೆ. ಅಷ್ಟೇ."

"ಬೆರಳಾ!" ಅಂದಳು ಮಗಳು, ತನ್ನ ಬೆರಳನ್ನೇ ನೋಡಿಕೊಂಡು.

ಮುದ್ದಕ್ಕ ಹುಟ್ಟಿದ್ದು ಹಿರಿಯೂರು ಸೀಮೆಯ ಒಂದು ಹಟ್ಟಿಯಲ್ಲಿ. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿದ್ದಾಗ ಗಂಟಲು ನೋವು ಬಂದು, ಅದರ ಬೆನ್ನಿಗೇ ಜ್ವರ ಬಂದು, ಮೊಣಕಾಲು ಮೊಣಕೈ ಒಂದಾದ ಮೇಲೊಂದು ಊದಿಕೊಂಡವಂತೆ. ಎಕ್ಕದ ಎಲೆ ಕಾಯಿಸಿ ಕಟ್ಟಿದರು, ಊತ ಇಳಿಯಿತು, ಎಲ್ಲರೂ ಮರೆತರು. ಜ್ವರ ಮಾತ್ರ ಹೋಗುವಾಗ ಎದೆಯೊಳಗೆ ತನ್ನ ಕೆಲಸ ಮಾಡಿ ಹೋಗಿತ್ತು. ಮದುವೆಯಾಗಿ ಈ ಕಡೆ ಬಂದಾಗ ತವರಿನವರು ಬಳುವಳಿಯೆಂದು ಕುರಿ ಕೊಟ್ಟರು. ಎಡಗಿವಿಯ ತುದಿ ಸೀಳಿದ ಕುರಿಗಳು. ಆ ಸೀಳು ಅವಳ ತವರಿನ ಗುರುತು. ಹಟ್ಟಿಯಲ್ಲಿ ಹೊಲ, ಗುಡಿಸಲು, ಮೇಕೆ ಎಲ್ಲ ಗಂಡನ ಮನೆಯವು. ಸೀಳುಗಿವಿಯವು ಮಾತ್ರ ಮುದ್ದಕ್ಕನವು.

ನಾನು ಅವಳನ್ನು ಮೊದಲು ನೋಡಿದಾಗ ಅವಳು ಹಾಲಿನ ಚೊಂಬು ಕೊಟ್ಟು, ಏನೋ ಹೇಳಲು ಬಾಯಿ ತೆರೆದು, ಹೇಳದೆಯೇ ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಬಿಸಿಲಿಗೆ ಸುಸ್ತಾಗಿದೆ ಅಂದುಕೊಂಡು ಮಜ್ಜಿಗೆ ಕೊಟ್ಟೆ. ದಿನಾ ಕೂರತೊಡಗಿದಳು. ಆಮೇಲೆ ಬಸುರಿಯಾದಳು. ಬಸುರು ಬೆಳೆದ ಹಾಗೆ ಉಬ್ಬಸವೂ ಬೆಳೆಯಿತು. ಮಲಗಿದರೆ ಮುಳುಗಿದ ಹಾಗಾಗುತ್ತದೆಂದು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆ ಮಗು ಉಳಿಯಲಿಲ್ಲ. ಒಂದು ಬೆಳಗ್ಗೆ ಕೆಮ್ಮಿದಾಗ ಕಫದಲ್ಲಿ ರಕ್ತ ಕಂಡು, ಗಂಡ ಯತ್ತಪ್ಪ ಅವಳನ್ನು ರೈಲು ಹತ್ತಿಸಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಎದೆಯ ಸದ್ದು ಕೇಳಿ, ತಡ ಮಾಡಬೇಡಿ ಎಂದು ಬೆಂಗಳೂರಿಗೆ ಕಳಿಸಿದರು. ಶ್ರಾವಣದಲ್ಲಿ ಆಪರೇಷನ್ ಆಯಿತು.

ಆಸ್ಪತ್ರೆಯಲ್ಲಿ ಏಕನಾಥಮ್ಮ ಅಂತ ದುರ್ಗದ ಕಡೆಯ ನರ್ಸಮ್ಮ ಇದ್ದರಂತೆ. ಮನೆಗೆ ಹೊರಡುವ ದಿನ ಡಾಕ್ಟರು ಹೇಳಿದ್ದನ್ನು ಅವರು ನಮ್ಮ ಮಾತಿನಲ್ಲಿ ಮುದ್ದಕ್ಕನಿಗೆ ಬಿಡಿಸಿ ಹೇಳಿದರು. ಅದನ್ನು ಅವಳು ನನಗೆ ಒಪ್ಪಿಸಿದಳು:

"ಗಂಡಿ ಅಗಲ ಆಗೈತೆ, ಆದ್ರೆ ಗುಂಡಿಗೆ ಇಷ್ಟು ವರ್ಷ ಕುಂತು ಕುಂತು ಸಣ್ಣ ಕೆಲಸಕ್ಕೇ ಒಗ್ಗೈತೆ, ಕಾಲೂ ಹಂಗೇ. ಅದಕ್ಕೆ ದೊಡ್ಡ ಕೆಲಸ ಕಲಿಸಬೇಕು ಅಂದ್ರೆ ನಡೀಬೇಕು ಅಂದ್ರು. ನಡೀತಾ ಜೊತೆಯೋರ ಸಂಗಡ ಮಾತಾಡ್ಬೇಕಂತೆ. ಮಾತು ತುಂಡಾಗದಂಗೆ ಬಂದ್ರೆ ರಕ್ತ ಸಲೀಸಾಗಿ ದಾಟ್ತಾ ಐತೆ ಅಂತ. ಮಾತಿಗೆ ಉಸಿರು ಸಾಲ್ದೇ ಹೋದ್ರೆ ನಿಂತ್ಕಬೇಕು. ಮಾತು ವಾಪಸ್ ಬಂದ ಮೇಲೆ ಮತ್ತೆ ನಡೀಬೇಕು. ದಿನಾ ಒಂಚೂರು ಮುಂದೆ ಮುಂದೆ."

"ಮತ್ತೆ ಯಾಕೆ ಹೀಗೆ ಕೂತಿದೀಯಾ?" ಅಂದೆ.

ಅವಳು ಪಕ್ಕದ ಕುರಿಯ ಕಡೆ ನೋಡಿದಳು. "ಇದನ್ನ ಯಾಕೆ ಕಟ್ಟಾಕವ್ರೋ ನನ್ನೂ ಅದಕ್ಕೇ ಕೂರ್ಸವ್ರೆ, ಅಮ್ಮಾರೆ."

ಅದು ಆ ಹಟ್ಟಿಯವರ ವಾಡಿಕೆ. ತೋಳ ಕಚ್ಚಿದ ಕುರಿಗೆ ಹೊಲಿಗೆ ಹಾಕಿದರೆ, ಮತ್ತೊಂದು ಉಣ್ಣೆ ಕತ್ತರಿಸುವ ಕಾಲ ಬರುವವರೆಗೆ ಅದನ್ನು ಮಂದೆಗೆ ಬಿಡುವುದಿಲ್ಲ. ನಡೆದರೆ ಹೊಲಿಗೆ ಬಿಚ್ಚುತ್ತದೆ, ಬಿಚ್ಚಿದರೆ ಹುಳ ಬೀಳುತ್ತದೆ. ಅಜ್ಜಂದಿರ ಕಾಲದಿಂದ ಹಾಗೆಯೇ ಕುರಿ ಉಳಿಸಿಕೊಂಡು ಬಂದವರು. ತೊಡೆಗೆ ಬಿದ್ದ ಹೊಲಿಗೆಗೇ ಅಷ್ಟು ಜೋಪಾನವಾದರೆ ಗುಂಡಿಗೆಗೆ ಬಿದ್ದ ಹೊಲಿಗೆಗೆ ಎಷ್ಟು ಜೋಪಾನ ಬೇಡ?

ಅಷ್ಟರಲ್ಲಿ ಯತ್ತಪ್ಪ ಬಂದ. ನಾನು ಡಾಕ್ಟರ ಮಾತನ್ನು ಮತ್ತೆ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ.

"ಡಾಕ್ಟ್ರು ದೊಡ್ಡೋರು, ಇಲ್ಲ ಅನ್ನಲ್ಲ. ಆದ್ರೆ ಅವ್ರು ಇವ್ಳು ರಕ್ತ ಕೆಮ್ಮಿದ್ದು ನೋಡಿಲ್ಲ. ನಾನು ನೋಡೀನಿ. ಈ ಕೈಯಾಗೇ ಒರೆಸೀನಿ. ನಡೀ ಅಂತ ನನ್ನ ಬಾಯಾಗೆ ಹೆಂಗೆ ಬರ್ತೈತೆ?"

ಬೈದು ಕೂರಿಸಿದ ಗಂಡನಾಗಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ.

ಆದರೆ ಕೂತಿರುವುದಕ್ಕೆ ಅವಳು ತೆರಬೇಕಾದ ಬೆಲೆ ಬೇರೆಯೇ ಇತ್ತು. ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಹಟ್ಟಿಯ ಮಂದೆ ದಾವಣಗೆರೆ ಕಡೆಯ ಚಾನಲ್ ನೀರಿನ ಸೀಮೆಗೆ ಹೊರಡುತ್ತದೆ. ಕೊಯ್ದ ಗದ್ದೆಗಳಲ್ಲಿ ಕುರಿ ಮೇಯಿಸಿ, ಗೊಬ್ಬರಕ್ಕೆಂದು ಅಲ್ಲೇ ತಂಗಿಸಿ, ಮುಂಗಾರಿಗೆ ವಾಪಸಾಗುತ್ತಾರೆ. ಹೆಚ್ಚಿನ ಕುರಿಗಳು ಈಯುವುದು ಆ ದಾರಿಯಲ್ಲೇ. ದಾರಿಯಲ್ಲಿ ಹುಟ್ಟಿದ ಮರಿಯ ಕಿವಿಗೆ ಅದರ ಹಿಂದೆ ನಡೆದವರ ಗುರುತು. ಇದು ಹಟ್ಟಿಯ ಕಟ್ಟು. ಮುದ್ದಕ್ಕ ಉಳಿದರೆ ಯತ್ತಪ್ಪನೂ ಉಳಿಯುತ್ತಾನೆ, ಅವಳನ್ನು ಬಿಟ್ಟು ಹೋಗಲು ಅವನಿಗೆ ಧೈರ್ಯವಿಲ್ಲ. ಆಗ ಸೀಳುಗಿವಿಯ ಕುರಿಗಳ ಹಿಂದೆ ನಡೆಯುವವನು ಯತ್ತಪ್ಪನ ಅಣ್ಣ, ಕಾಟಮ್ಮನ ಗಂಡ, ಹಟ್ಟಿಯ ಯಜಮಾನ ಜುಂಜಣ್ಣ. ಮರಿಗಳೆಲ್ಲ ಅವನ ಗುರುತಿಗೆ ಬೀಳುತ್ತವೆ. ಮುದ್ದಕ್ಕನಿಗೆ ಉಳಿಯುವುದು ಮುದಿ ಕುರಿಗಳು, ಅವು ಸತ್ತರೆ ತವರಿನ ಗುರುತೇ ಮುಗಿದ ಹಾಗೆ. ಜುಂಜಣ್ಣ ಕೆಟ್ಟವನಲ್ಲ. ಕಟ್ಟು ಮುರಿಯುವವನೂ ಅಲ್ಲ.

"ಮಂದೆ ಜೊತೆ ನಾನು ಹೋಗೇ ಹೋಗ್ತೀನಿ" ಅಂದಳು ಮುದ್ದಕ್ಕ ನನ್ನ ಹತ್ತಿರ, ಗಂಡ ಆಚೆ ಹೋದ ಮೇಲೆ. "ನೂಲಕ್ಕೆ ಹುಟ್ಟಿಲ್ಲ ನಾನು."

ಮಾರನೆಯ ದಿನ ಯತ್ತಪ್ಪನಿಗೆ ನಾನೇ ಒಂದು ಮಾತು ಹೇಳಿದೆ. ಕಾಟಮ್ಮ ತರುವ ಹಾಲು ನೀರುನೀರಾಗಿರುತ್ತದೆ, ನನ್ನ ಕೂಸಿಗೆ ಬಲ ಬರುತ್ತಿಲ್ಲ, ಮುದ್ದಕ್ಕನೇ ಹಾಲು ತರಲಿ, ನಮ್ಮ ಮನೆಯವರೆಗೆ ಮಾತ್ರ. ಸುಳ್ಳೇನಲ್ಲ. ಹಾಲು ನೀರಾಗಿಯೇ ಇತ್ತು. ಯತ್ತಪ್ಪ ಸ್ವಲ್ಪ ಹೊತ್ತು ಕೂಸಿನ ಮುಖ ನೋಡಿ, "ನಿಮ್ಮ ಮನೆತಂಕ ಅಷ್ಟೆ. ನಾನು ಹಳಿಯತ್ರ ನಿಂತಿರ್ತೀನಿ" ಅಂದ.

ಹಾಗೆ ಶುರುವಾಯಿತು. ಮೊದಲ ದಿನಗಳಲ್ಲಿ ಅವನು ನಿಜವಾಗಿಯೂ ಹಳಿಯ ಹತ್ತಿರ, ಕೈಯಲ್ಲಿ ಕಂಬಳಿ ಹಿಡಿದು, ಅವಳು ಬಿದ್ದರೆ ಹೊದಿಸಿ ಹೊತ್ತುಕೊಂಡು ಹೋಗುವವನಂತೆ ನಿಂತಿರುತ್ತಿದ್ದ. ಅವಳು ಬೀಳಲಿಲ್ಲ. ನಮ್ಮ ಮೆಟ್ಟಿಲಿಗೆ ಬಂದಾಗ ಮಾತು ಇನ್ನೂ ಉಳಿದಿರುತ್ತಿತ್ತು. ಅವನ ಕೈಯಿಂದ ಕಂಬಳಿ ಹೆಗಲಿಗೆ ಹೋಯಿತು. ಆಮೇಲೆ ಒಂದು ದಿನ ಅವನೇ ಬರಲಿಲ್ಲ, ಕಡಲೆ ಹೊಲದಲ್ಲಿ ಕೆಲಸವಿತ್ತು. ಅಂದು ಮುದ್ದಕ್ಕ ಚೊಂಬು ಇಳಿಸಿ, "ಅಮ್ಮಾರೆ, ಈವತ್ತು ಒಂಚೂರು ಮುಂದೆ ಹೋಗಾಣ" ಅಂದಳು.

ಹಳಿಯ ಪಕ್ಕದ ಕಾಲುದಾರಿ ಹಿಡಿದು ನಡೆದೆವು. ಅವಳು, ನಾನು, ನನ್ನ ಸೊಂಟದ ಕೂಸು, ಮುಂದೆ ಕುಣಿಯುತ್ತಾ ದೊಡ್ಡವಳು. ಮಧ್ಯಾಹ್ನದ ಹುಬ್ಬಳ್ಳಿ ಗಾಡಿ ಹೋದ ಮೇಲೆ ನಮ್ಮ ಮನೆಯವರಿಗೆ ಊಟ ಬಡಿಸಿ, ಬೇಳೆ ಬೇಯಲು ಇಟ್ಟು ಹೊರಟರೆ, ಬೇಳೆ ಬೇಯುವ ಹೊತ್ತಿಗೆ ವಾಪಸ್. ದಿನ ಕಳೆದಂತೆ ಬೇಳೆ ಸೀದುಹೋಗತೊಡಗಿತು. ಆಮೇಲೆ ಬೇಳೆ ಇಡುವುದನ್ನೇ ಬಿಟ್ಟೆ.

ಮಾತಾಡುತ್ತಾ ನಡೆಯಬೇಕಲ್ಲ, ಮಾತು ಎಲ್ಲಿಂದ ತರುವುದು? ಮೊದಲ ವಾರದಲ್ಲೇ ನನ್ನ ಸರಕು ಮುಗಿಯಿತು. ಹೊಸದುರ್ಗದ ನಮ್ಮ ತವರಿನ ಕತೆ, ನನ್ನ ಮದುವೆಯಲ್ಲಿ ಸಾರು ಹಳಸಿದ ಕತೆ ಎಲ್ಲ ಆದವು.

"ನಿಮ್ಮ ಅತ್ತೆ ಬೈದಿದ್ದು ಹೇಳ್ರಿ" ಅನ್ನುವಳು ಮುದ್ದಕ್ಕ. "ಅದು ಉದ್ದ ಐತೆ. ಏರು ಹತ್ತೋತಂಕ ಬರ್ತೈತೆ."

"ಹೇಳಬೇಕಾದ್ದು ನೀನು. ನಿನ್ನ ಉಸಿರು ನೋಡಬೇಕಾದ್ದು."

"ನಮ್ಮತ್ತೆ ಸತ್ತೋದ್ಳು. ಸತ್ತೋರ್ನ ಬೈಯಾಕೆ ಆಗಲ್ಲ. ಬೇಕಾದ್ರೆ ಕಾಟಕ್ಕನ್ನ ಬೈತೀನಿ."

ಕಾಟಮ್ಮನನ್ನು ಬೈಯುತ್ತಾ ನಾವು ಮಾರ್ಗಶಿರ ಮಾಸವೆಲ್ಲ ನಡೆದೆವು. ಮುದ್ದಕ್ಕನ ಕೆನ್ನೆಯಲ್ಲಿ ಬಣ್ಣ ಬಂತು. ಮಾತು ತುಂಡಾಗುವ ಜಾಗ ದಿನದಿನಕ್ಕೆ ಮುಂದೆ ಸರಿಯಿತು. ಮೊದಲು ಸಿಗ್ನಲ್ ಕಂಬದ ಹತ್ತಿರ ತುಂಡಾಗುತ್ತಿತ್ತು, ಆಮೇಲೆ ಮೋರಿಯ ಹತ್ತಿರ, ಆಮೇಲೆ ಸಮನೆಲದಲ್ಲಿ ಎಲ್ಲಿಯೂ ತುಂಡಾಗಲಿಲ್ಲ. ಆಗ ಅವಳು ಹಟ್ಟಿಯ ಹಿಂದಿನ ಕರಿಕಲ್ಲು ದಿಬ್ಬದ ಕಡೆ ನೋಡಿದಳು. ಮಂದೆ ಹೊರಡುವ ಹಿಂದಿನ ದಿನ ಯಜಮಾನ ಆ ದಿಬ್ಬ ಹತ್ತಿಸಿ ನೋಡುವುದು ವಾಡಿಕೆ. ಹೊರಡಬೇಕೆನ್ನುವವರು ಕುರಿಗಳಿಗಿಂತ ಮುಂದೆ ಹತ್ತಿ, ಮೇಲಿನಿಂದ ತಮ್ಮ ಕೂಗು ಕೂಗಬೇಕು. ಬೆರೆತ ಮಂದೆಯಿಂದ ಅವರವರ ಕುರಿ ಬಿಡಿಸಿಕೊಂಡು ಹತ್ತಿ ಬರಬೇಕು. ಮುದಿಯಾದವರನ್ನು, ಕಾಲು ಸೋತವರನ್ನು ಯಾರೂ ಬೇಡ ಅನ್ನುವ ಹಾಗಿಲ್ಲ. ದಿಬ್ಬವೇ ಹೇಳುತ್ತದೆ.

ನಾವು ದಿಬ್ಬಕ್ಕೆ ಶುರು ಮಾಡಿದ ಕೆಲವು ದಿನಕ್ಕೆ ಆ ಕೆಟ್ಟ ದಿನ ಬಂತು. ಕಾಟಮ್ಮನ ಬಾಯಿ ತಡೆಯಬಲ್ಲ ಯಜಮಾನ ತಾಳ್ಯದ ಊರಿನ ಕಡೆ ಹೋಗಿದ್ದ. ಕಾಟಮ್ಮ ಸೌದೆ ಹೊತ್ತುಕೊಂಡು ದಿಬ್ಬ ಇಳಿಯುತ್ತಿದ್ದಳು. ನಾವು ಅರ್ಧ ಏರಿನ ಹುಣಸೆ ಮರದ ಹತ್ತಿರ ನಿಂತಿದ್ದೆವು, ಮಾತು ವಾಪಸ್ ಬರಲೆಂದು.

"ಏನೇ, ಬತ್ತಾಸಿನ ಗೊಂಬೆ? ಬಿಸಿಲಿಗೆ ಕರಗ್ತಾ ನಿಂತೀಯಾ?" ಅಂದಳು ಕಾಟಮ್ಮ. "ಊರಿನ ಕುರಿ ಎಲ್ಲ ಮೇಯ್ದು ಬರೋತಂಕ ನೀನು ಇಲ್ಲೇ ನಿಂತಿರು. ನಿನ್ನ ಮರಿಗೆ ನಮ್ಮೋರು ಗುರುತು ಹಾಕ್ತಾರೆ, ಬಿಡು."

ಮುದ್ದಕ್ಕ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹತ್ತತೊಡಗಿದಳು. ಬಿರಬಿರನೆ. ನಾನು ಕೂಗಿದೆ. ಅವಳು ತಿರುಗಲಿಲ್ಲ. ತುದಿ ಇನ್ನೊಂದು ಹತ್ತು ಮಾರು ಇರುವಾಗ ನಿಂತವಳು ಕುಸಿದು ಕೂತಳು. ನಾನು ಕೂಸನ್ನು ದೊಡ್ಡವಳ ಮಡಿಲಿಗೆ ಹಾಕಿ ಓಡಿದೆ. ಅವಳ ಬಾಯಿ ತೆರೆದಿತ್ತು, ಹೆಗಲು ಮೇಲೆ ಕೆಳಗೆ ಆಡುತ್ತಿತ್ತು, ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು. ಸೆರಗಿನಿಂದ ಗಾಳಿ ಹಾಕುತ್ತಾ ನಾನು ಅತ್ತುಬಿಟ್ಟೆ. ಯತ್ತಪ್ಪನಿಗೆ ಏನು ಹೇಳಲಿ? ಸಾಕು, ಇವತ್ತಿಗೆ ಇದು ಸಾಕು, ನಾಳೆಯಿಂದ ಬೇಡ ಅಂದೆ.

ಬಹಳ ಹೊತ್ತಿನ ಮೇಲೆ ಅವಳಿಗೆ ಮಾತು ಬಂತು. ಒಂದೊಂದೇ ಶಬ್ದ.

"ನಾನೇ... ನಾಯಿ... ಛೂ ಬಿಟ್ಟೆ, ಅಮ್ಮಾರೆ."

"ಏನು?"

"ಗಂಡಿ ಅಗಲ ಆದ್ರೂ... ಎಲ್ಲ ಕುರೀನೂ ಒಂದೇ ಸಲ ಅಟ್ಟಿದ್ರೆ... ಸಿಕ್ಕಾಕ್ಕಣ್ತಾವೆ." ಅವಳು ಉಸಿರೆಳೆದುಕೊಂಡಳು. "ಸಿಟ್ಟು ಬಂತು. ಸಿಟ್ಟಿನಾಗೆ ನಡ್ಯಾಕೆ ಡಾಕ್ಟ್ರು ಹೇಳಿಲ್ಲ."

ಕಫದಲ್ಲಿ ರಕ್ತ ಇರಲಿಲ್ಲ. ನಾನು ಅದನ್ನೇ ನೋಡಿದೆ, ಅವಳೂ ಅದನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಇಳಿದೆವು. ಆ ಹಳೆಯ ಜ್ವರ ಮರಳದಿರಲೆಂದು ತಿಂಗಳಿಗೊಮ್ಮೆ ಹಾಕಿಸಿಕೊಳ್ಳಬೇಕಾದ ಸೂಜಿಗೆಂದು ಹೊಳಲ್ಕೆರೆ ಆಸ್ಪತ್ರೆಗೆ ಹೋದಾಗ ಅವಳೇ ಅಲ್ಲಿನ ಡಾಕ್ಟರಿಗೆ ಇದನ್ನು ಮುಚ್ಚಿಡದೆ ಹೇಳಿದಳು. ಅವರು ಎದೆಗೆ ಕೊಳವೆ ಇಟ್ಟು ಕೇಳಿ, ಗದರಿಸಿ, ನಡಿಗೆ ಬಿಡಬೇಡ, ಆತುರ ಬಿಡು ಅಂದರಂತೆ. ಅದೇ ಮಾತನ್ನು ಯತ್ತಪ್ಪನೂ ಬಾಗಿಲಲ್ಲಿ ನಿಂತು ಕೇಳಿದ್ದ. ಬೆಂಗಳೂರಿನ ಮಾತನ್ನು ನಂಬದವನು ಹೊಳಲ್ಕೆರೆಯ ಮಾತನ್ನು ಯಾಕೆ ನಂಬಿದನೋ ಗೊತ್ತಿಲ್ಲ. ಬರುವಾಗ ರೈಲಿನಲ್ಲಿ, "ಹುಣಸೆ ಮರದತ್ರ ನಿಂತ್ಕಂಡು ಹತ್ತೇ" ಅಂದನಂತೆ, ಕಿಟಕಿಯಾಚೆ ನೋಡುತ್ತಾ.

ಅವತ್ತಿನಿಂದ ಅವಳು ನಿಲ್ಲುವುದನ್ನು ಕಲಿತಳು. ಉಸಿರು ಸಾಲದೆ ಹೋದಾಗ ನಿಲ್ಲುವುದಲ್ಲ, ಸಾಲದೆ ಹೋಗುವುದಕ್ಕೆ ಮೊದಲೇ ನಿಲ್ಲುವುದು. ಮರದ ಹತ್ತಿರ ನಿಂತು, ಬೇರೆಯವರು ನೋಡಿದರೂ ನಾಚದೆ, ನನ್ನ ಮಗಳಿಗೆ ಹುಣಸೆ ಚಿಗುರು ಕಿತ್ತುಕೊಟ್ಟು, ಮಾತು ಪೂರ್ತಿ ಬಂದ ಮೇಲೆ ಹತ್ತುವಳು. ಸಂಕ್ರಾಂತಿ ಹತ್ತಿರ ಬಂದಾಗ ತುದಿಯಲ್ಲಿ ನಿಂತು ಕೂಗಲು ನೋಡಿದಳು. ಕುರಿಗಾಹಿಗಳ ಕೂಗು ಸುಮ್ಮನೆ ಅರಚುವುದಲ್ಲ, ಒಂದೇ ಉಸಿರಿನಲ್ಲಿ ಎಳೆದು, ಕೊನೆಯಲ್ಲಿ ಏರಿಸಿ ಬಿಡಬೇಕು. ಮೊದಮೊದಲು ಅವಳ ಕೂಗು ನಡುವೆಯೇ ಮುರಿಯುತ್ತಿತ್ತು. ದೊಡ್ಡವಳು ಅದನ್ನು ಮನೆಯಲ್ಲಿ ಅಣಕಿಸಿ, ನಿದ್ದೆಯಲ್ಲಿದ್ದ ಅವರಪ್ಪನ ಹತ್ತಿರ ಬೈಸಿಕೊಂಡಳು.

ಮಂದೆ ಹೊರಡುವ ಮುಂಚಿನ ದಿನ ನಾನೂ ಮಕ್ಕಳನ್ನು ಕರೆದುಕೊಂಡು ದಿಬ್ಬದ ಬುಡಕ್ಕೆ ಹೋದೆ. ಹಟ್ಟಿಯೆಲ್ಲ ಸೇರಿತ್ತು. ಜುಂಜಣ್ಣ ಬಿಳಿ ರುಮಾಲು ಸುತ್ತಿ, ಕೋಲಿಗೆ ಗದ್ದ ಆನಿಸಿ ನಿಂತಿದ್ದ. ಇಬ್ಬರು ಮೂವರು ಹತ್ತಿ, ಕೂಗಿ, ತಮ್ಮ ಕುರಿ ಕರೆದುಕೊಂಡರು. ಆಮೇಲೆ ಮುದ್ದಕ್ಕ ಮುಂದೆ ಬಂದಳು.

"ಬ್ಯಾಡ ಕಣಮ್ಮ" ಅಂದ ಜುಂಜಣ್ಣ. "ಹೊಲಿಗೆ ಬಿದ್ದ ಮೈ. ಮುಂದಿನ ವರ್ಷ ನೋಡಾಣ. ನಿನ್ನ ಕುರಿ ನಾನು ಚೆನ್ನಾಗಿ ನೋಡ್ಕಣ್ತೀನಿ."

"ನೀವು ಚೆನ್ನಾಗೇ ನೋಡ್ಕಣ್ತೀರಾ ಭಾವ. ಅದಕ್ಕೇ ಅವು ನನ್ನ ಮರ್ತುಬಿಡ್ತಾವೆ."

ಯಾರೋ ನಕ್ಕರು. ಜುಂಜಣ್ಣ ದಾರಿ ಬಿಟ್ಟ.

ಅವಳು ಹತ್ತತೊಡಗಿದಳು. ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ. ಬೇರೆಯವರು ಹತ್ತಿ ಇಳಿಯುವಷ್ಟು ಹೊತ್ತಿಗೆ ಅವಳು ಹುಣಸೆ ಮರ ಮುಟ್ಟಿದಳು. ಮುಟ್ಟಿ, ನಿಂತಳು.

ಕೆಳಗೆ ಗುಸುಗುಸು ಎದ್ದಿತು. "ಆಯ್ತು ಬಿಡು, ನಿಂತೇಬಿಟ್ಳು" ಅಂದಳು ಕಾಟಮ್ಮ. "ಬತ್ತಾಸು ಕರಗ್ತು. ಇಳಿಸ್ಕಂಡು ಬರ್ರಿ." ಒಬ್ಬ ಮುದುಕ ಚ್ಚು ಚ್ಚು ಅಂದ. ಯತ್ತಪ್ಪ ನನ್ನ ಪಕ್ಕದಲ್ಲಿದ್ದವನು ಎರಡು ಹೆಜ್ಜೆ ಓಡಿದ. ಮೇಲಿನಿಂದ ಮುದ್ದಕ್ಕ ಕೋಲೆತ್ತಿ ತೋರಿಸಿದಳು. ಬರಬೇಡ ಎಂದು. ಅವನು ನಿಂತ. ಅವನ ಕೈ ಹೆಗಲ ಮೇಲಿನ ಕಂಬಳಿಯನ್ನು ಹಿಂಡುತ್ತಿತ್ತು.

"ನಿಂತ್ಕಂಡೀನಿ ಕಣ್ರೋ!" ಅಂತ ಅವಳ ಧ್ವನಿ ಬಂತು. "ಬಿದ್ದಿಲ್ಲ. ಬಿದ್ದ ಮೇಲೆ ಅಳೀರಂತೆ, ಅವಸರ ಮಾಡ್ಬ್ಯಾಡ್ರಿ!"

ಮಾತು ತುಂಡಾಗಿರಲಿಲ್ಲ. ಅದು ಗೊತ್ತಾದದ್ದು ನನಗೆ, ಯತ್ತಪ್ಪನಿಗೆ ಮಾತ್ರ. ಅವನು ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಮುದ್ದಕ್ಕ ಮರಕ್ಕೊರಗಿ, ಸೆರಗಿನಿಂದ ಮುಖ ಒರೆಸಿಕೊಂಡು, ಬೇಕಾದಷ್ಟು ಹೊತ್ತು ನಿಂತಳು. ಜನ ಬೇಸರಪಟ್ಟು ಎಲೆಯಡಿಕೆ ತೆಗೆದರು. ಆಮೇಲೆ ಅವಳು ಹೊರಟಳು. ಮತ್ತೊಂದು ಕಡೆ, ಕರಿಕಲ್ಲಿನ ಹತ್ತಿರ, ಮತ್ತೆ ನಿಂತಳು. ಈ ಸಲ ಜನ ಎಲೆಯಡಿಕೆ ಅಗಿಯುತ್ತಾ ಕಾದರು. ಆಮೇಲೆ ತುದಿಯಲ್ಲಿ ಕಂಡಳು.

ತುದಿಗೆ ಹೋದಮೇಲೂ ಕೂಡಲೆ ಕೂಗಲಿಲ್ಲ. ಕೋಲು ಊರಿಕೊಂಡು ಸ್ವಲ್ಪ ಹೊತ್ತು ನಮ್ಮ ಕಡೆ ನೋಡುತ್ತಿದ್ದಳು. ಕೂಗು ಬಂದಾಗ ಅದು ಸಣ್ಣಗೆ ಶುರುವಾಗಿ, ನಡುವೆ ಮುರಿಯದೆ, ಎಳೆದು ಎಳೆದು, ಕೊನೆಗೆ ಮೇಲೆದ್ದು, ಸ್ಟೇಷನ್ನಿನ ಕಡೆ ಹೋಗಿ ಕರಗಿತು. ನನ್ನ ಸೊಂಟದ ಕೂಸು ಬೆರಳು ಚೀಪುವುದನ್ನು ಬಿಟ್ಟು ಮೇಲೆ ನೋಡಿತು.

ಮಂದೆಯಲ್ಲಿ ಒಂದು ಕುರಿ ತಲೆಯೆತ್ತಿತು. ಎಡಗಿವಿ ಸೀಳಿತ್ತು. ಅದು ಹೊರಟಿತು. ಅದರ ಹಿಂದೆ ಇನ್ನೊಂದು. ಆಮೇಲೆ ಅಲ್ಲಲ್ಲಿಂದ ಸೀಳುಗಿವಿಯವು ಬಿಡಿಸಿಕೊಂಡು, ಒಂದನ್ನೊಂದು ತಳ್ಳುತ್ತಾ ದಿಬ್ಬ ಹತ್ತತೊಡಗಿದವು. ಎಲ್ಲವೂ ಅಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ಬೆಳೆದ ಕೆಲವು ಅಲ್ಲೇ ಮೇಯುತ್ತಾ ನಿಂತವು. ಅವುಗಳಿಗೆ ಅವಳ ಕೂಗು ಗೊತ್ತಿರಲಿಲ್ಲ. ಅವಳು ಇನ್ನೊಮ್ಮೆ ಕೂಗಿದಾಗ, ತಾಯಂದಿರು ಹೋದದ್ದು ಕಂಡು ಅವೂ ಹೋದವು.

ಇಳಿದು ಬಂದವಳನ್ನು ಜುಂಜಣ್ಣ ಮೇಲಿನಿಂದ ಕೆಳಗೆ ನೋಡಿದ. "ಹತ್ತಿದ್ದೇನೋ ಹತ್ತಿದೆ. ಎರಡು ಸಲ ನಿಂತೆ. ದಾರಿ ಉದ್ದ ಐತೆ. ನಾಳೆನೂ ನಿಂತೀಯಾ, ನಾಡಿದ್ದೂ ನಿಂತೀಯಾ?"

"ನಿಲ್ತೀನಿ. ಮಂದೆ ಏನು ಓಡ್ಕಂಡು ಹೋಗ್ತೈತಾ ಭಾವ? ಮೇಯ್ತಾ ನಿಂತ್ಕಂತಾ ಅಲ್ವಾ ಹೋಗಾದು? ಅವು ನಿಂತಾಗ ನಾನೂ ನಿಲ್ತೀನಿ. ನಾನು ನಿಂತಾಗ ಅವು ನಿಲ್ತಾವೆ."

ಜುಂಜಣ್ಣ ಕೋಲಿನಿಂದ ನೆಲ ಕೆದಕಿದ. "ಸೂಜಿ?"

ಯತ್ತಪ್ಪ ಪಂಚೆಯ ಗಂಟು ಬಿಚ್ಚಿ, ಔಷಧಿಯ ಖಾಲಿ ಸೀಸೆ ತೆಗೆದು ತೋರಿಸಿದ. "ಎಲ್ಲಿಗೆ ಹೋದ್ರೂ ತಿಂಗಳಿಗೊಂದು ಸಲ ಇದನ್ನ ಅಲ್ಲಿನ ಆಸ್ಪತ್ರೇಲಿ ತೋರಿಸಿ ಸೂಜಿ ಹಾಕಿಸ್ತೀನಿ. ನಾನೂ ಹೊರಡ್ತೀನಿ ಅಣ್ಣ. ಇವಳ ಜೊತೆ."

"ಅಂದ್ರೆ ಮೇಕೆ ಯಾರು ನೋಡ್ಕಣಾರು?"

"ಕಾಟತ್ತಿಗೆ ಇಲ್ಲೇ ಇರ್ತಾರಲ್ಲ. ಬಾಯಿ ಇರೋರ ಮಾತು ಮೇಕೆ ಕೇಳ್ತಾವೆ."

ಈ ಸಲ ಕಾಟಮ್ಮನೇ ನಕ್ಕಳು, ಬೇಡ ಬೇಡವೆನ್ನುತ್ತಾ. ಜುಂಜಣ್ಣ ಮುದ್ದಕ್ಕನ ಕೋಲು ತೆಗೆದುಕೊಂಡು ಹೋಗಿ, ಹೊರಡುವವರ ಕೋಲುಗಳ ಜೊತೆ ರೊಪ್ಪದ ಬೇಲಿಗೆ ಒರಗಿಸಿ ಇಟ್ಟ.

ಮಾರನೆಯ ಬೆಳಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಮುದ್ದಕ್ಕ ಬಂದಳು. ಹಾಲಿನ ಚೊಂಬು ಇರಲಿಲ್ಲ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಆ ತೊಡೆ ಹೊಲಿದ ಕುರಿ. ಹೊಲಿಗೆ ಒಣಗಿ, ಬೋಳಿಸಿದ ಜಾಗದಲ್ಲಿ ಉಣ್ಣೆ ಮೂಡುತ್ತಿತ್ತು. ಆದರೆ ಇಷ್ಟು ದಿನ ಗೂಟದಲ್ಲೇ ಇದ್ದು ಕಾಲು ಮರಗಟ್ಟಿತ್ತು, ಒಂದು ಹೆಜ್ಜೆಗೆ ಎರಡು ಸಲ ಕುಂಟುತ್ತಿತ್ತು. ಅದರ ಎಡಗಿವಿಯೂ ಸೀಳಿತ್ತು. ಹಟ್ಟಿಯ ಕಡೆಯಿಂದ ಮಂದೆಯ ಗಂಟೆಯ ಸದ್ದು, ನಾಯಿಯ ಬೊಗಳು ಕೇಳುತ್ತಿತ್ತು.

ಮಗಳು ಹಾಸಿಗೆಯಿಂದೆದ್ದು ಓಡಿ ಬಂದು ಕುರಿಯ ಕತ್ತು ತಬ್ಬಿದಳು.

"ಅಮ್ಮಾರೆ, ಇದು ದಾರಿಗೆ ಬರಾಕೆ ಆಗಲ್ಲ" ಅಂದಳು ಮುದ್ದಕ್ಕ. "ಹಟ್ಟೀಲಿ ಬಿಟ್ರೆ ಕಾಟಕ್ಕ ಮತ್ತೆ ಗೂಟಕ್ಕೆ ಕಟ್ತಾಳೆ. ಅವಳ ತಪ್ಪಲ್ಲ, ಹಂಗೇ ರೂಢಿ. ನೀವು ಒಂದು ಉಪಕಾರ ಮಾಡ್ಬೇಕು." ಅವಳು ಹಗ್ಗವನ್ನು ನನ್ನ ಕೈಗಿಟ್ಟಳು. "ದಿನಾ ಮಧ್ಯಾಹ್ನ ಇದನ್ನ ಒಂದಿಷ್ಟು ನಡಸ್ರಿ. ಮೊದಲು ಸಿಗ್ನಲ್ ಕಂಬದತಂಕ ಸಾಕು. ನಿಂತ್ರೆ ಎಳೀಬ್ಯಾಡ್ರಿ, ನೀವೂ ನಿಂತ್ಕಳ್ರಿ. ಮತ್ತೆ, ನಡೀತಾ ನಿಮ್ಮ ಅತ್ತೆ ಕತೆ ಹೇಳ್ರಿ. ಇಷ್ಟು ದಿನ ನನ್ನ ಪಕ್ಕದಾಗೇ ಕುಂತಿತ್ತಲ್ಲ, ಮಾತಿಲ್ದೇ ಇದಕ್ಕೆ ಆಗಲ್ಲ."